ಕಿತ್ತರೂ ಹರಿಯದ ಋಣ

ಮಲ್ಲೇಶ್ವರಕ್ಕೆ ಅಂಟಿಕೊಂಡಂತಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್‌ನ ಎಂಜಿನಿಯರುಗಳೂ ಸೇರಿ ರೂಪಿಸಿದ ಸಿಂಪ್ಯೂಟರ್ 2001ರಲ್ಲಿ ಹೊರಬಂತು. ಅಂಗೈಯಲ್ಲಿ ಹಿಡಿಯಬಹುದಾದ ಲಿನಕ್ಸ್ ಯಂತ್ರ. ಹಳ್ಳಿಯ ಹಲವರು ಒಂದನ್ನೇ ಹಂಚಿಕೊಳ್ಳಲಿ, ಅವರವರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡಿನಲ್ಲಿರಲಿ ಎಂಬ ಆಲೋಚನೆ ಅದರದು. ಮಾರುಕಟ್ಟೆಯ ಲೆಕ್ಕದಲ್ಲಿ ಅದು ಸೋತಿತು. ಆದರೆ ಕಾರ್ಡು ಹಾಕಿ ತೆಗೆಯುವ ಇಂಥ ಯಂತ್ರ ಎತ್ತುವ ಪ್ರಶ್ನೆ ಇಂದಿಗೂ ಹಳತಾಗಿಲ್ಲ: ಓದುತ್ತಿರುವಾಗಲೇ ಕಾರ್ಡು ಕಿತ್ತರೆ ಏನಾಗಬೇಕು?

ಕಾರ್ಡಿನಂಥ ಸಾಧನ ಕಂಡೊಡನೆ, ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರ್, ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನಿಂದ ಒಂದಿಷ್ಟು ಮೆಮೊರಿ ಪಡೆದು, ಸಾಧನದ ಸ್ಥಿತಿಗತಿಯನ್ನು ಅಲ್ಲಿ ಬರೆದಿಡುತ್ತದೆ. ಸಾಧನ ಹೋದಾಗ ಮರಳಿಸುತ್ತದೆ. ಆದರೆ ಯಾವುದೋ ಆ್ಯಪ್ ಆ ಸಾಧನದ ಫೈಲನ್ನು ಇನ್ನೂ ತೆರೆದಿಟ್ಟಿದ್ದರೆ? ಅದರ ಮುಂದಿನ ಕೋರಿಕೆ ಬಂದಾಗ ಡ್ರೈವರ್ ಹಳೆಯ ವಿಳಾಸಕ್ಕೇ ಕೈಹಾಕುತ್ತದೆ. ಅಷ್ಟರಲ್ಲಿ ಆ ಜಾಗ ಬೇರೆಯವರ ಪಾಲಾಗಿರಬಹುದು. ಯಂತ್ರ ನಿಂತುಹೋದರೆ ಪುಣ್ಯ. ಸದ್ದಿಲ್ಲದೆ ಮಾಹಿತಿ ಕೆಡುವುದು, ದಾಳಿಕೋರರಿಗೆ ದಾರಿಯಾಗುವುದು ಅದಕ್ಕಿಂತ ಕೆಟ್ಟದ್ದು.

ಬಸವನಗುಡಿಯ ಹಳೆಯ ವಠಾರವನ್ನು ಮಾಲೀಕರು ಮಾರಿದರೂ ಕೊನೆಯ ಬಾಡಿಗೆದಾರರು ಬೀಗದ ಕೈ ಒಪ್ಪಿಸುವವರೆಗೆ ಗೋಡೆ ಕೆಡವುವಂತಿಲ್ಲ. 2004ರಲ್ಲಿ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಲಿನಕ್ಸ್‌ಗೆ ಸೇರಿಸಿದ ‘ಕೆ-ರೆಫ್’ ಮಾಡುವುದು ಇದನ್ನೇ: ಬಳಸುವವರು ಬಂದಾಗ ಎಣಿಕೆ ಒಂದು ಏರುತ್ತದೆ, ಹೋದಾಗ ಇಳಿಯುತ್ತದೆ, ಸೊನ್ನೆಯಾದಾಗಲೇ ಮೆಮೊರಿ ಬಿಡುಗಡೆ.

2007ರಲ್ಲಿ ತೇಜುನ್ ಹಿಯೊ ತಂದ ‘ಡೆವ್-ಎಂ’ ಸೌಲಭ್ಯ, ತನ್ನ ಮೂಲಕ ಪಡೆದದ್ದೆಲ್ಲವನ್ನೂ ಡ್ರೈವರ್ ಕಳಚಿದಾಗ ತಾನೇ ಮರಳಿಸುತ್ತದೆ. ಸಾಧನ ಸಜ್ಜಾಗುವಾಗ ನಡುವೆ ಎಡವಿದರೆ ಪಡೆದದ್ದನ್ನೆಲ್ಲ ಒಂದೊಂದಾಗಿ ಹಿಂದಿರುಗಿಸುವ ಕೋಡ್ ಬರೆದವರಿಗೆ ಅದು ವರದಾನ. ಆದರೆ ಅದು ಮೆಮೊರಿಯ ಆಯುಷ್ಯವನ್ನು ಸಾಧನಕ್ಕೆ ಕಟ್ಟುತ್ತದೆ, ಬಳಕೆದಾರರಿಗಲ್ಲ. ಕರ್ನಲ್ ಅಭಿವೃದ್ಧಿಗಾರ ಲೋರಾಂ ಪಿಂಷಾರ್ ವರ್ಷಗಳಿಂದ ಎಚ್ಚರಿಸುತ್ತ ಬಂದಿರುವುದು ಇದನ್ನೇ, ಮತ್ತು ಅವರ ಮಾತೇ ಸರಿ. ಇಂಟರಪ್ಟ್, ರಿಜಿಸ್ಟರ್‌ಗಳು ಸಾಧನದ ಸ್ವತ್ತು, ಅದರೊಂದಿಗೇ ಹೋಗಲಿ. ತೆರೆದ ಫೈಲಿಗೆ ಕಾಣುವ ಮೆಮೊರಿಗೆ ಎಣಿಕೆಯೇ ಬೇಕು. ಜೊತೆಗೆ ‘ಸಾಧನ ಹೋಯಿತು’ ಎಂಬ ಗುರುತಿಟ್ಟು, ಆಮೇಲೆ ಬಂದ ಕೋರಿಕೆಗಳನ್ನು ನಿರಾಕರಿಸಬೇಕು.

2022ರ ಡಿಸೆಂಬರ್‌ನಲ್ಲಿ ಕರ್ನಲ್‌ಗೆ ಕಾಲಿಟ್ಟ ರಸ್ಟ್ ಭಾಷೆ ಇಂಥ ಎಷ್ಟೋ ತಪ್ಪುಗಳನ್ನು ಕಂಪೈಲ್ ಆಗುವಾಗಲೇ ತಡೆಯುತ್ತದೆ. ಆದರೆ ಡ್ರೈವರ್‌ಗಳ ಬಹುಪಾಲು ಇನ್ನೂ ಸಿ ಭಾಷೆಯಲ್ಲೇ ಇದೆ. ಕರ್ನಲ್‌ನಲ್ಲೇ ಇರುವ ‘ಕಸಾನ್’ ಎಂಬ ಮೆಮೊರಿ ತಪಾಸಕವನ್ನು ಚಾಲೂ ಮಾಡಿ, ಫೈಲು ತೆರೆದಿರುವಾಗಲೇ ಕೇಬಲ್ ಕಿತ್ತು ನೋಡುವುದನ್ನು ಡ್ರೈವರ್ ಬರೆಯುವ ವಿದ್ಯಾರ್ಥಿಗಳಿಗೆ ಮೊದಲ ವಾರದಲ್ಲೇ ಕಲಿಸಬೇಕು.