ಡೀಸೆಲ್ ಹೊಗೆಯೂ ಐದು ನಗರಗಳ ಒಕ್ಕೂಟವೂ

ಬೆಳಗಿನ ಎಂಟೂವರೆ ಗಂಟೆಗೆ ಮಾದಾಪುರದ ಬಸ್ ನಿಲ್ದಾಣದಲ್ಲಿ ನಿಂತವರಿಗೆ ಹೊಗೆಯ ವಿಚಾರವನ್ನು ಹೊಸದಾಗಿ ತಿಳಿಸಬೇಕಾದುದಿಲ್ಲ. ಸೈಬರ್ ಟವರ್ಸಿನ ಕಡೆಗೆ ಗುಮಾಸ್ತರನ್ನು ಹೊತ್ತ ಕಂಪೆನಿ ಬಸ್ಸುಗಳು, ನೀರಿನ ಟ್ಯಾಂಕರುಗಳು, ನಗರ ಸಾರಿಗೆಯ ಬಸ್ಸುಗಳು ಒಂದರ ಹಿಂದೊಂದು ನಿಂತು ಗುರುಗುಟ್ಟುತ್ತಿರುತ್ತವೆ. ಈಚೆಗೆ ಅಲ್ಲಿ ನಮ್ಮೊಡನೆ ಬಸ್ಸಿಗಾಗಿ ಕಾದಿದ್ದ, ಕುಂದಾಪುರದ ಕಡೆಯ ಅಡುಗೆಯವರೊಬ್ಬರು ಹೀಗೆಂದರು: "ಹೊಗೆ ನಮಗೆ ಹೊಸತಲ್ಲ ಮಾರಾಯ್ರೆ, ಒಲೆಯ ಮುಂದೆ ಮೂವತ್ತು ವರ್ಷ ಕಳೆದವರು ನಾವು. ಒಲೆಯ ಹೊಗೆ ಕಣ್ಣಲ್ಲಿ ನೀರು ತರಿಸಿ ಹೋಗ್ತದೆ. ಈ ಹೊಗೆ ಎದೆಯೊಳಗೆ ಕೂತುಕೊಳ್ತದೆ." ಒಲೆಯ ಹೊಗೆಯೂ ನಿರಪಾಯಕರವಲ್ಲವೆಂದು ನಾವು ಹೇಳಿ ನೋಡಿದೆವು, ಅವರು ಒಪ್ಪಲಿಲ್ಲ.

ಆದರೆ ಎರಡನೆಯ ಮಾತು ಸತ್ಯ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಬಲವಾಗಿ ಒತ್ತಿ ಕಾಯಿಸಿ, ಆ ಕಾದ ಗಾಳಿಗೆ ಎಣ್ಣೆಯನ್ನು ಸಿಂಪಡಿಸುತ್ತಾರೆ. ಸಿಂಪಡಿಸಿದ ಎಣ್ಣೆಯೆಲ್ಲಕ್ಕೂ ಸಾಕಷ್ಟು ಗಾಳಿ ಸಿಕ್ಕದಿದ್ದಲ್ಲಿ ಅದು ಪೂರ್ಣವಾಗಿ ಉರಿಯದೆ ಮಸಿಯಾಗುತ್ತದೆ. ಆ ಮಸಿಯ ಕಣಗಳು ತಲೆಗೂದಲಿಗಿಂತ ಎಷ್ಟೋ ಪಟ್ಟು ಸಣ್ಣವಾದುದರಿಂದ ಮೂಗಿನಲ್ಲಿಯಾಗಲಿ ಗಂಟಲಿನಲ್ಲಿಯಾಗಲಿ ತಡೆಯಲ್ಪಡದೆ ಶ್ವಾಸಕೋಶದ ಆಳವನ್ನು ಸೇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು 2012ರ ಜೂನಿನಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿತು.

ಇದಕ್ಕೆ ಪ್ರತಿವಿಧಾನವೇನೆಂದು ಕೇಳಿದರೆ, ಒಂದೊಂದು ಊರು ತನ್ನ ಪಾಡಿಗೆ ತಾನು ಏನು ಮಾಡಿದರೂ ಸಾಲದೆಂಬುದನ್ನು ಎಣ್ಣೆಯ ಕಥೆಯೇ ಹೇಳುತ್ತದೆ. 2005ರಲ್ಲಿ ಬೆಂಗಳೂರು, ಹೈದರಾಬಾದು ಮೊದಲಾದ ದೊಡ್ಡ ನಗರಗಳಿಗೆ ಗಂಧಕ ಕಡಮೆಯಿರುವ ಡೀಸೆಲ್ ಬಂದಿತು. ಉಳಿದ ಪ್ರದೇಶಕ್ಕೆ ಬರಲು ಇನ್ನೂ ಐದು ವರ್ಷ ಹಿಡಿಯಿತು. ಅಷ್ಟರಲ್ಲಿ ಹೊರಗಿನ ಬಂಕಿನಲ್ಲಿ ಟಾಂಕಿ ತುಂಬಿಸಿಕೊಂಡ ಲಾರಿಯು ನಗರವನ್ನು ಹಾಯ್ದುಹೋಗುವಾಗ ಅದರ ಹೊಗೆಯನ್ನು ನಿಲ್ಲಿಸುವ ಸುಂಕದ ಕಟ್ಟೆ ಯಾವುದಿತ್ತು? ಕೊನೆಗೆ 2020ರ ಏಪ್ರಿಲ್ 1ರಿಂದ ಇಡೀ ದೇಶಕ್ಕೆ ಒಂದೇ ಎಣ್ಣೆ, ಒಂದೇ ನಿಯಮವಾಯಿತು. ಹತ್ತು ಲಕ್ಷ ಭಾಗಕ್ಕೆ 350 ಭಾಗವಿದ್ದ ಗಂಧಕ ಹಂತಹಂತವಾಗಿ 10ಕ್ಕೆ ಇಳಿದುದರಿಂದಲೇ ಹೊಸ ಎಂಜಿನ್ನುಗಳಿಗೆ ಮಸಿ ಹಿಡಿಯುವ ಜಾಲರಿಯನ್ನು ಕೂಡಿಸಲು ಸಾಧ್ಯವಾದುದು. ಆದರೆ ಹಳೆಯ ಎಂಜಿನ್ನು ಹಳೆಯದಾಗಿಯೇ ಉಳಿಯುತ್ತದೆ. ಅದನ್ನು ಬದಲಿಸಲು ಹಣ ಬೇಕು. ಅಮೆರಿಕೆಯಲ್ಲಿ 2005ರ ಒಂದು ಕಾನೂನಿನ ಮೂಲಕ ಕೇಂದ್ರ ಸರಕಾರವೇ ಹಳೆಯ ಡೀಸೆಲ್ ಎಂಜಿನ್ನುಗಳ ಬದಲಾವಣೆಗೆ ಧನಸಹಾಯ ಕೊಡುವ ಏರ್ಪಾಡಾಯಿತು. ಅಲ್ಲಿನ ಪಶ್ಚಿಮ ಕರಾವಳಿಯ ರಾಜ್ಯಗಳು ಈ ಕೆಲಸಕ್ಕೆಂದೇ ಒಂದು ಕೂಟ ಕಟ್ಟಿಕೊಂಡಿವೆ.

ನಮ್ಮಲ್ಲಿಯೂ ಅಂಥದೊಂದು ಕೂಡುವಿಕೆ ನಡೆದಿದೆಯೆಂಬುದು ಅನೇಕರಿಗೆ ತಿಳಿಯದು. 2022ರಲ್ಲಿ ಕೇಂದ್ರ ಸರಕಾರದ ವಿದ್ಯುತ್ ವಲಯಕ್ಕೆ ಸೇರಿದ ಕನ್ವರ್ಜೆನ್ಸ್ ಎನರ್ಜಿ ಸರ್ವಿಸಸ್ ಎಂಬ ಸಂಸ್ಥೆಯು ಬೆಂಗಳೂರು, ದೆಹಲಿ, ಹೈದರಾಬಾದು, ಕಲ್ಕತ್ತ, ಸೂರತ್ತು ಈ ಐದು ನಗರಗಳ ಬೇಡಿಕೆಯನ್ನು ಒಟ್ಟುಗೂಡಿಸಿ 5,450 ವಿದ್ಯುತ್ ಬಸ್ಸುಗಳಿಗೆ ಒಂದೇ ಟೆಂಡರು ಕರೆಯಿತು. ಹೋಟೆಲಿನವರಿಗೆ ಇದರ ಮರ್ಮವನ್ನು ವಿವರಿಸಬೇಕಿಲ್ಲ: ಒಬ್ಬರು ಒಂದು ಮೂಟೆ ಅಕ್ಕಿ ಕೊಂಡರೆ ಆಗುವ ಬೆಲೆ ಬೇರೆ, ಐದು ಹೋಟೆಲಿನವರು ಸೇರಿ ಲಾರಿಯನ್ನೇ ತರಿಸಿದರೆ ಆಗುವ ಬೆಲೆ ಬೇರೆ. 12 ಮೀಟರು ಉದ್ದದ ಬಸ್ಸಿಗೆ ಕಿಲೋಮೀಟರೊಂದಕ್ಕೆ ಕನಿಷ್ಠ ದರ 43 ರೂಪಾಯಿ 49 ಪೈಸೆಗೆ ಇಳಿಯಿತು. ಡೀಸೆಲ್ ಬಸ್ಸು ಓಡಿಸುವ ಖರ್ಚಿಗಿಂತ ಇದು ಕಡಮೆಯೆಂದು ಆ ಸಂಸ್ಥೆ ಲೆಕ್ಕ ತೋರಿಸಿತು. ಬೆಂಗಳೂರಿನ ಬೀದಿಗಿಳಿದ 921 ಬಸ್ಸುಗಳು ಈ ಟೆಂಡರಿನವೇ.

2024ರ ಅಕ್ಟೋಬರ್ 1ರಂದು ಪ್ರಾರಂಭವಾದ ಪಿ.ಎಂ. ಈ-ಡ್ರೈವ್ ಯೋಜನೆಯ ಮೊತ್ತ 10,900 ಕೋಟಿ ರೂಪಾಯಿ. ಅದರಲ್ಲಿ 4,391 ಕೋಟಿ 14,028 ಬಸ್ಸುಗಳಿಗಾಗಿ ಮೀಸಲು. 2025ರ ಮೇ ತಿಂಗಳಿನಲ್ಲಿ, ಕನ್ನಡಿಗರೇ ಆದ ಕೇಂದ್ರ ಬೃಹತ್ ಕೈಗಾರಿಕಾ ಸಚಿವ ಶ್ರೀ ಎಚ್. ಡಿ. ಕುಮಾರಸ್ವಾಮಿಯವರು ಹಂಚಿಕೆಯನ್ನು ಪ್ರಕಟಿಸಿದರು: ಬೆಂಗಳೂರಿಗೆ ಸುಮಾರು 4,500, ದೆಹಲಿಗೆ 2,800, ಹೈದರಾಬಾದಿಗೆ 2,000, ಅಹಮದಾಬಾದಿಗೆ 1,000, ಸೂರತ್ತಿಗೆ 600. 1932ರಲ್ಲಿ ನಿಜಾಮ ಸಂಸ್ಥಾನದ ರೈಲ್ವೆಯ ಅಂಗವಾಗಿ 27 ಬಸ್ಸುಗಳಿಂದಲೂ 166 ಮಂದಿ ನೌಕರರಿಂದಲೂ ಆರಂಭವಾದ ಸಾರಿಗೆಯ ಕಾಲಕ್ಕೆ ಬೀದರ, ಕಲಬುರಗಿ, ರಾಯಚೂರುಗಳು ಈ ಊರಿನ ಆಡಳಿತದಲ್ಲಿಯೇ ಇದ್ದುವು. 1956ರ ನವೆಂಬರ್ 1ರಂದು ಗಡಿ ಬೇರೆಯಾಯಿತು. ಈಗ ಕನ್ನಡ ನಾಡಿನ ರಾಜಧಾನಿಯೂ ಹೈದರಾಬಾದೂ ಒಂದೇ ಟೆಂಡರು ಕಾಗದದಲ್ಲಿ ಪಕ್ಕಪಕ್ಕದಲ್ಲಿ ಕುಳಿತಿರುವುದನ್ನು ಕಂಡು ನಮಗೆ ಸಂತೋಷವಾಗದಿರಲಿಲ್ಲ.

ಆದರೆ ಸಂತೋಷದ ನಡುವೆ ಕೇಳಲೇಬೇಕಾದ ಪ್ರಶ್ನೆಗಳಿವೆ. ಈ ಬಸ್ಸುಗಳನ್ನು ಸಾರಿಗೆ ನಿಗಮ ಕೊಳ್ಳುವುದಿಲ್ಲ. ಬಸ್ಸು ಕಂಪೆನಿಯದು, ಡ್ರೈವರು ಕಂಪೆನಿಯವನು. ಕಂಡಕ್ಟರು ಮಾತ್ರ ನಿಗಮದವನು. ಓಡಿದ ಕಿಲೋಮೀಟರಿನ ಲೆಕ್ಕಕ್ಕೆ ನಿಗಮ ಹಣ ಕೊಡಬೇಕು. ನಿಗಮಗಳು ಬಾಕಿ ಉಳಿಸಿಕೊಳ್ಳಬಹುದೆಂಬ ಭಯದಿಂದ ಕಂಪೆನಿಗಳು ಹಿಂಜರಿದುದರಿಂದ, ಕೇಂದ್ರವು 2024ರ ಸೆಪ್ಟೆಂಬರಿನಲ್ಲಿ 3,435 ಕೋಟಿಯ ಭದ್ರತಾ ನಿಧಿಗೆ ಒಪ್ಪಿಗೆ ಕೊಟ್ಟಿತು. ಕಂಪೆನಿಯ ಹಣಕ್ಕೆ ಭದ್ರತೆ ದೊರೆಯಿತು. ಡ್ರೈವರನ ಸಂಬಳಕ್ಕೆ, ಅವನ ಕೆಲಸದ ಖಾಯಮಿಗೆ ಅಂಥ ನಿಧಿ ಯಾವುದೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ವಿದ್ಯುತ್ ಬಸ್ಸುಗಳನ್ನು ಸರಕಾರವೇ ಕೊಂಡು ನಿಗಮಕ್ಕೆ ಕೊಡಬೇಕೆಂದು ಇಲ್ಲಿನ ಸಾರಿಗೆ ನೌಕರರ ಸಂಘಗಳು ಕೇಳುತ್ತಿರುವುದು ಇದರಿಂದಲೇ. ಹೋಟೆಲಿನಲ್ಲಿ ಮಾಲೀಕರು ಕಂಟ್ರಾಕ್ಟುದಾರನಿಗೆ ಒಪ್ಪಿಸಿದೊಡನೆ ತಮ್ಮ ಗತಿಯೇನಾಯಿತೆಂಬುದನ್ನು ಬಲ್ಲ ಮಾಣಿಗಳಿಗೆ ಈ ಅಂಜಿಕೆ ಅರ್ಥವಾಗದ ಮಾತಲ್ಲ. ಹೊಗೆ ಹೋಗಬೇಕು, ನಿಜ. ಅದರ ಬೆಲೆಯನ್ನು ಡ್ರೈವರನ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲವೆಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ಮಾತು. ವಿದ್ಯುತ್ ಎಲ್ಲಿಂದ ಬರುತ್ತದೆ? ಬಹುಪಾಲು ಕಲ್ಲಿದ್ದಲಿನಿಂದ. ಮಾದಾಪುರದ ಹೊಗೆ ಕಡಮೆಯಾದಷ್ಟೂ ರಾಮಗುಂಡದ ಚಿಮಣಿಗೆ ಕೆಲಸ ಹೆಚ್ಚೆಂದು ಹಾಸ್ಯ ಮಾಡುವವರಿದ್ದಾರೆ. ಎತ್ತರದ ಚಿಮಣಿಯ ಹೊಗೆಯೂ, ಬಸ್ ನಿಲ್ದಾಣದಲ್ಲಿ ಮುಖಕ್ಕೇ ಹೊಡೆಯುವ ಹೊಗೆಯೂ ಒಂದೇ ಅಲ್ಲವಾದರೂ ಹಾಸ್ಯದಲ್ಲಿ ಸತ್ಯಾಂಶವಿಲ್ಲವೆನ್ನಲಾರೆವು.

ಇದೆಲ್ಲ ಬೀದಿಯ ವಿಚಾರವಾಯಿತು. ಹೋಟೆಲಿನ ಹಿತ್ತಿಲಲ್ಲಿ ನಿಂತಿರುವ ಡೀಸೆಲ್ ಜನರೇಟರಿನ ಸುದ್ದಿಯನ್ನು ಎತ್ತುವವರಾರು? ವಿದ್ಯುತ್ತು ಹೋದೊಡನೆ ಅದು ಗರ್ಜಿಸುತ್ತದೆ. ಅದರ ಕೊಳವೆ ಅನೇಕ ಕಡೆಗಳಲ್ಲಿ ಪಾತ್ರೆ ತೊಳೆಯುವ ಹುಡುಗರ ಕಡೆಗೇ ತಿರುಗಿರುತ್ತದೆ. ಹಿಂದೊಮ್ಮೆ ನಾವು ಊಟ ಮಾಡುತ್ತಿದ್ದ ಒಂದು ಕಡೆಯಲ್ಲಿ ಹುಡುಗರು ಮಲಗುವ ಕೋಣೆಯ ಕಿಟಕಿಯೇ ಅದಕ್ಕೆ ಎದುರಾಗಿತ್ತು. 2023ರ ಜುಲೈ 1ರಿಂದ ಹೊಸ ಜನರೇಟರುಗಳಿಗೆ ಬಿಗಿಯಾದ ನಿಯಮ ಬಂದಿದೆ. ಹಳೆಯವು ಹಾಗೆಯೇ ಉಳಿದಿವೆ. ಈ-ಡ್ರೈವ್ ಯೋಜನೆಯಲ್ಲಿ ಬಸ್ಸಿಗೆ ಹಣವುಂಟು, ಲಾರಿಗೆ ಉಂಟು, ಆಂಬುಲೆನ್ಸಿಗೂ ಉಂಟು, ಜನರೇಟರಿಗೆ ಇಲ್ಲ. ಐದು ನಗರಗಳು ಕೂಡಿ ಬಸ್ಸು ತರಿಸಿದಂತೆ, ಒಂದು ಬೀದಿಯ ಹೋಟೆಲುಗಾರರು ಕೂಡಿ ಬ್ಯಾಟರಿ ವ್ಯವಸ್ಥೆಯನ್ನೋ ಹೊಸ ಯಂತ್ರವನ್ನೋ ಒಟ್ಟು ದರದಲ್ಲಿ ಕೊಳ್ಳಲಾಗದೇ? ಹೋಟೆಲು ಮಾಲೀಕರ ಸಂಘದ ಮುಂದಿನ ಸಭೆಯಲ್ಲಿ ಈ ಪ್ರಶ್ನೆಯನ್ನು ಯಾರಾದರೂ ಎತ್ತಬೇಕೆಂದು ಕೋರುತ್ತೇವೆ. ಅಲ್ಲಿಯವರೆಗೆ ಕೊಳವೆಯನ್ನು ಕಿಟಕಿಯಿಂದ ಬೇರೆ ಕಡೆಗೆ ತಿರುಗಿಸಿ ಸೂರಿನ ಮೇಲಕ್ಕೆ ಎತ್ತರಿಸುವುದಕ್ಕೆ ಯಾವ ಯೋಜನೆಯೂ ಬೇಕಿಲ್ಲ.

ಇಷ್ಟನ್ನೂ ಅಡುಗೆಯವರಿಗೆ ಹೇಳಿದೆವು. ಎರಡು ಸಾವಿರ ಬಸ್ಸೆಂದಾಗ ಅವರು ತಲೆದೂಗಿದರು. "ಅದರಲ್ಲಿ ಒಂದಾದರೂ ಈ ದಾರಿಗೆ ಬರ್ತದಾ?" ಎಂದು ಕೇಳಿದರು. ನಾವು ಉತ್ತರ ಹೇಳುವಷ್ಟರಲ್ಲಿ ಅವರ ಬಸ್ಸು ಬಂದಿತು, ಹಳೆಯದು. ಹೆಗಲಿನ ಬೈರಾಸಿನಿಂದ ಮೂಗು ಮುಚ್ಚಿಕೊಂಡು ಹತ್ತಿದರು.