ಲೋಹಶೋಧಕವೂ ನಮ್ಮ ಕೆಂಪು ಮಣ್ಣೂ

ಹಳೆಯ ದಾನಶಾಸನಗಳನ್ನು ಓದಿದವರಿಗೆ ಅಷ್ಟಭೋಗ ತೇಜಃಸ್ವಾಮ್ಯವೆಂಬ ಮಾತು ಪರಿಚಿತವಾದದ್ದೇ. ಊರನ್ನೋ ಗದ್ದೆಯನ್ನೋ ದಾನವಾಗಿ ಕೊಡುವ ಅರಸು ಅದರೊಡನೆ ಎಂಟು ಬಗೆಯ ಹಕ್ಕುಗಳನ್ನೂ ಬಿಟ್ಟುಕೊಡುತ್ತಿದ್ದ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಎಂಟರಲ್ಲಿ ಮೊದಲಿನ ಎರಡೂ ನೆಲದಲ್ಲಿ ಹುದುಗಿದ ಧನಕ್ಕೆ ಸೇರಿದವು. ನೀರಿಗಿಂತ ಮೊದಲು ನಿಧಿಯ ಹೆಸರು ಬಂದಿರುವುದನ್ನು ನೋಡಿದರೆ, ಮಣ್ಣಿನಡಿಯ ಧನದ ಮೇಲೆ ಜನರಿಗಿರುವ ಕಣ್ಣು ನಿನ್ನೆ ಮೊನ್ನೆಯದಲ್ಲವೆಂದು ತಿಳಿಯುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ನಮ್ಮ ಸೀಮೆಯಲ್ಲಂತೂ ಈ ಕಣ್ಣು ಮತ್ತಷ್ಟು ಹರಿತ. ಕೆಳದಿಯ ಮೂಲಪುರುಷ ಚೌಡಪ್ಪನಿಗೆ ನಿಧಿ ದೊರೆಯಿತೆಂದೂ, ಅದನ್ನೆತ್ತುವ ಮುನ್ನ ಇಬ್ಬರು ಆಳುಗಳು ತಾವಾಗಿ ಬಲಿಯಾದರೆಂದೂ, ಆ ಅರಸುಮನೆಯ ‘ಎಡವಮುರಾರಿ’ ಎಂಬ ಬಿರುದು ಅವರ ನೆನಪಿನದೆಂದೂ ಐತಿಹ್ಯ ಹೇಳುತ್ತದೆ. ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ ಹೋಯಿತು, ಇಕ್ಕೇರಿಯಿಂದ ಬಿದನೂರಿಗೆ ಹೋಯಿತು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದಾಗ ಬೊಕ್ಕಸವೆಲ್ಲ ಅವನ ಕೈ ಸೇರಿತು. ಆದರೂ ‘ಇನ್ನೂ ಉಳಿದಿದೆ’ ಎಂದು ಪಿಸುಗುಟ್ಟುವವರು ನಗರದಲ್ಲಿಯೂ ಕವಲೇದುರ್ಗದ ಬುಡದಲ್ಲಿಯೂ ಇಂದಿಗೂ ಉಂಟು. ಇಂಥ ಕಡೆ ಲೋಹಶೋಧಕ ಯಂತ್ರವನ್ನು, ಅಂದರೆ ಜನ ಮೆಟಲ್ ಡಿಟೆಕ್ಟರ್ ಎನ್ನುವುದನ್ನು, ಹೆಗಲಿಗೇರಿಸಿಕೊಂಡು ಹೊರಟವನನ್ನು ನೆರೆಹೊರೆಯವರು ಹೇಗೆ ನೋಡುವರೆಂದು ಬೇರೆ ಹೇಳಬೇಕಾಗಿಲ್ಲ. ನನ್ನ ಮಗ ಈ ಯಂತ್ರವೊಂದನ್ನು ತಂದುಕೊಟ್ಟ ವಾರದಲ್ಲೇ, ‘ಮೇಷ್ಟ್ರೇ, ಪಾಲು ಎಷ್ಟು?’ ಎಂದು ಕೇಳಿದವರು ಮೂವರು.

ಯಂತ್ರ ನಿಜವಾಗಿ ಮಾಡುವುದೇನೆಂದು ತಿಳಿದರೆ ಅರ್ಧ ಆಸೆ ತಾನೇ ಇಳಿಯುತ್ತದೆ. ಕೋಲಿನ ತುದಿಯಲ್ಲಿ ತಟ್ಟೆಯಂಥ ಭಾಗವೊಂದಿದೆ. ಅದರೊಳಗೆ ತಾಮ್ರದ ತಂತಿಯ ಎರಡು ಸುರುಳಿಗಳಿವೆ. ಮೊದಲ ಸುರುಳಿಯಲ್ಲಿ ಸೆಕೆಂಡಿಗೆ ಹಲವು ಸಾವಿರ ಸಲ ದಿಕ್ಕು ಬದಲಿಸುವ ವಿದ್ಯುತ್ತು ಹರಿಯುತ್ತದೆ. ನಮ್ಮ ರೇಡಿಯೋದ ಮಧ್ಯಮ ತರಂಗಗಳು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಅಲುಗಿದರೆ ಇದು ಅದಕ್ಕಿಂತ ಬಹಳ ನಿಧಾನದ್ದು. ಇದರಿಂದ ಸುತ್ತಲೂ, ಮಣ್ಣಿನೊಳಗೂ, ಅಯಸ್ಕಾಂತದ ಪ್ರಭಾವ ಹಬ್ಬುತ್ತದೆ. ಆ ಪ್ರಭಾವದೊಳಗೆ ಒಂದು ಲೋಹದ ತುಂಡು ಬಂದರೆ, ಹೊಳೆಯ ಮಡುವಿನಲ್ಲಿ ನೀರು ಸುಳಿ ಸುತ್ತುವಂತೆ, ಅದರ ಮೈಯಲ್ಲಿ ಸಣ್ಣ ವಿದ್ಯುತ್ತು ಸುಳಿಯತೊಡಗುತ್ತದೆ. ಆ ಸುಳಿ ಹುಟ್ಟಿಸಿದ ಮರುಪ್ರಭಾವವನ್ನು ಎರಡನೆಯ ಸುರುಳಿ ಹಿಡಿಯುತ್ತದೆ. ಯಂತ್ರ ಕೂಗುತ್ತದೆ.

ಉತ್ತರ ಬಂದ ಮಾತ್ರಕ್ಕೆ ಮುಗಿಯಲಿಲ್ಲ. ಅದು ಎಷ್ಟು ತಡವಾಗಿ ಬಂತೆಂಬುದನ್ನೂ ಯಂತ್ರ ಅಳೆಯುತ್ತದೆ. ದಪ್ಪ ತಾಮ್ರ, ಬೆಳ್ಳಿಗಳ ಉತ್ತರ ಹೆಚ್ಚು ತಡ, ತೆಳುವಾದ ಹಾಳೆಯದು ಕಡಮೆ, ಕಬ್ಬಿಣದ್ದು ಬೇರೆಯೇ ರೀತಿ. ಈ ತಡವನ್ನೇ ಒಂದು ಅಂಕಿಯನ್ನಾಗಿ ಮಾಡಿ ಕಿರುಪರದೆಯಲ್ಲಿ ತೋರಿಸುತ್ತಾರೆ. ಈ ಅಂಕಿಯನ್ನು ವಸ್ತುವಿನ ಜಾತಕವೆಂದು ನಂಬಿದವರು ಕೆಡುತ್ತಾರೆ. ಅಂಕಿ ಲೋಹವನ್ನು ಮಾತ್ರ ಅನುಸರಿಸುವುದಿಲ್ಲ. ವಸ್ತುವಿನ ಗಾತ್ರ, ದಪ್ಪ, ಆಕಾರ, ಮಲಗಿರುವ ಭಂಗಿ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ಹೆಂಗಸರ ತೆಳು ಚಿನ್ನದ ಉಂಗುರ, ಮಾತ್ರೆಗಳನ್ನು ಸುತ್ತಿಟ್ಟ ಅಲ್ಯೂಮಿನಿಯಮ್ ಹಾಳೆ, ಇವೆರಡೂ ಬಹುಮಟ್ಟಿಗೆ ಒಂದೇ ಅಂಕಿಯ ಆಸುಪಾಸಿನಲ್ಲಿ ಕೂಡುತ್ತವೆ. ಇನ್ನೊಂದು ತಮಾಷೆ: 1992ರಿಂದೀಚಿನ ನಮ್ಮ ಒಂದು ರೂಪಾಯಿ ನಾಣ್ಯ ಅಯಸ್ಕಾಂತಕ್ಕೆ ಅಂಟುವ ತುಕ್ಕುಹಿಡಿಯದ ಉಕ್ಕಿನದು. ಯಂತ್ರಕ್ಕೆ ‘ಕಬ್ಬಿಣ ಬೇಡ’ ಎಂದು ಹೇಳಿಟ್ಟರೆ ಅದು ಸರ್ಕಾರದ ನಾಣ್ಯವನ್ನೇ ಕಸವೆಂದು ತಳ್ಳಿಬಿಡುವುದುಂಟು.

ಈ ವಿದ್ಯೆ ಹುಟ್ಟಿದ್ದು ನಿಧಿಯ ಆಸೆಯಿಂದಲ್ಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರಿಗೆ ಗುಂಡು ತಗುಲಿದಾಗ, ಮೈಯಲ್ಲಿ ಅಡಗಿದ ಗುಂಡನ್ನು ಹುಡುಕಲು ಟೆಲಿಫೋನಿನ ಖ್ಯಾತಿಯ ಬೆಲ್ ಇಂಥದೊಂದು ಸಲಕರಣೆಯನ್ನು ಕಟ್ಟಿದರು. ಗುಂಡು ಸಿಕ್ಕಲಿಲ್ಲ, ಹಾಸಿಗೆಯ ಉಕ್ಕಿನ ಸುರುಳಿಗಳೇ ಸದ್ದುಮಾಡಿ ಅಡ್ಡಬಂದುವೆಂದು ಹೇಳುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಕೊಸಾಟ್‌ಸ್ಕಿ ರೂಪಿಸಿದ ಶೋಧಕ 1942ರಲ್ಲಿ ಎಲ್ ಅಲಮೀನಿನ ಮರಳುಗಾಡಿನಲ್ಲಿ ಹೂತಿಟ್ಟ ಸಿಡಿಮದ್ದುಗಳನ್ನು ಕಂಡುಹಿಡಿಯಲು ಒದಗಿತು. ಹವ್ಯಾಸಿಗಳ ಕೈಗೆ ಬಂದದ್ದು ಆಮೇಲೆ.

ಮರಳುಗಾಡಿನ ಮಾತು ಬೇರೆ, ನಮ್ಮ ಮಲೆನಾಡಿನ ಮಾತು ಬೇರೆ. ನಮ್ಮದು ಜಂಬಿಟ್ಟಿಗೆಯ ನೆಲ. 1801ರಲ್ಲಿ ಇಕ್ಕೇರಿ, ನಗರಗಳ ಮಾರ್ಗವಾಗಿ ಹೋದ ಬುಕಾನನ್ ಎಂಬ ಪ್ರವಾಸಿಯೇ ಈ ಜಾತಿಯ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವನು; 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಮಲಬಾರಿನ ಕಲ್ಲನ್ನು ಕುರಿತು ಆ ಮಾತಿದೆ. ಲ್ಯಾಟಿನ್ ಭಾಷೆಯಲ್ಲಿ ಆ ಮೂಲಪದಕ್ಕೆ ಇಟ್ಟಿಗೆಯೆಂದೇ ಅರ್ಥ. ನಮ್ಮ ಜನ ‘ಜಂಬಿಟ್ಟಿಗೆ’ ಎನ್ನುವಾಗಲೂ ಇಟ್ಟಿಗೆ ಒಳಗೇ ಇದೆ. ಹೆಸರಿಡುವುದಕ್ಕೆ ಲ್ಯಾಟಿನ್ ಬಲ್ಲವರೇ ಬೇಕೆಂದಿಲ್ಲ.

ಈ ಮಣ್ಣಿನ ಕೆಂಪು ಕಬ್ಬಿಣದಿಂದ ಬಂದದ್ದು. ಕೆಟ್ಟುಹೋದ ರೇಡಿಯೋದ ಧ್ವನಿವರ್ಧಕದ ಹಿಂದೆ ಒಂದು ಅಯಸ್ಕಾಂತವಿರುತ್ತದೆ. ಅದನ್ನು ಬಿಡಿಸಿ ಅಂಗಳದ ಒಣಮಣ್ಣಿನಲ್ಲಿ ಒಮ್ಮೆ ಎಳೆದು ನೋಡಿರಿ. ಕರಿಗೆಂಪು ಪುಡಿ ಮೀಸೆಯಂತೆ ಅಂಟಿಕೊಳ್ಳುತ್ತದೆ. ಯಂತ್ರಕ್ಕೆ ಈ ಪುಡಿಯೂ ಒಂದು ಉತ್ತರವೇ. ಹೊಸಬರು ಯಂತ್ರವನ್ನು ತಿರುಗಿಸಿಟ್ಟೊಡನೆ ಇಡೀ ಅಂಗಳ ಕಿರುಚುತ್ತದೆ; ಕೆಲವರು ಅದನ್ನೇ ಕೊಪ್ಪರಿಗೆಯೆಂದು ತಿಳಿದು ಗುದ್ದಲಿ ತರುತ್ತಾರೆ. ಇದಕ್ಕೆ ಮದ್ದು ನೆಲದೊಡನೆ ರಾಜಿ ಮಾಡಿಕೊಳ್ಳುವುದು. ಲೋಹವಿಲ್ಲದ ಒಂದು ಜಾಗ ನೋಡಿ, ತಟ್ಟೆಯನ್ನು ಒಂದು ಗೇಣು ಮೇಲಕ್ಕೂ ನೆಲದ ಸಮೀಪಕ್ಕೂ ಏರಿಳಿಸುತ್ತ, ಸದ್ದು ಅಡಗುವವರೆಗೆ ಯಂತ್ರವನ್ನು ಹೊಂದಿಸಬೇಕು. ಅದಾದ ಮೇಲೆ ಯಂತ್ರದ ಚುರುಕನ್ನು ಹೆಚ್ಚಿಸುವ ಬದಲು ತಗ್ಗಿಸಬೇಕು. ಗಲಾಟೆಯ ಸಂತೆಯಲ್ಲಿ ಕಿವಿ ಚುರುಕಾದಷ್ಟೂ ಬೇಕಾದ ಮಾತು ಕೇಳಿಸುವುದಿಲ್ಲವಲ್ಲವೆ? ಹಾಗೆಯೇ ಇದು. ಇಪ್ಪತ್ತು ಹೆಜ್ಜೆ ನಡೆದರೆ ಮಣ್ಣು ಬದಲಾಗುತ್ತದೆ. ತೋಟದ ಕಪ್ಪು ಗೋಡಿಗೆ ಒಂದು ಹೊಂದಿಕೆ, ಬ್ಯಾಣದ ಕೆಂಪಿಗೆ ಒಂದು. ಶರಾವತಿಯಿಂದ ಹೊರಟ ವಿದ್ಯುತ್ ಮಾರ್ಗಗಳ ಅಡಿಯಲ್ಲಿ ಯಾವ ಹೊಂದಿಕೆಯೂ ಸಾಲದು. ಅಲ್ಲಿಂದ ದೂರ ಸರಿಯುವುದೊಂದೇ ದಾರಿ.

ಅಡಿಕೆ ತೋಟಕ್ಕೆ ವರ್ಷ ವರ್ಷ ಮೈಲುತುತ್ತ ಹೊಡೆಯುತ್ತೇವಲ್ಲ, ಆ ತಾಮ್ರಕ್ಕೆ ಯಂತ್ರ ಕೂಗದೆ ಎಂದು ನನ್ನ ಶಿಷ್ಯನೊಬ್ಬ ಕೇಳಿದ. ಕೂಗುವುದಿಲ್ಲ. ತಾಮ್ರ ಲವಣವಾದ ಮೇಲೆ ಲೋಹದ ನಡತೆಯನ್ನು ಬಿಟ್ಟಿರುತ್ತದೆ. ಪ್ರಶ್ನೆ ಮಾತ್ರ ಒಳ್ಳೆಯದು.

ಕಲಿಯುವ ಕ್ರಮ ಹೀಗೆ. ಹಿತ್ತಿಲಲ್ಲಿ ನಾಲ್ಕು ಮಾರು ಜಾಗ ಬಿಡಿಸಿ, ಒಂದು ಮೊಳೆ, ಒಂದು ಹಳೆಯ ತಾಮ್ರದ ಕಾಸು, ಹಿತ್ತಾಳೆಯ ಗುಂಡಿ, ಮಾತ್ರೆಯ ಹಾಳೆ, ಎತ್ತಿನ ಲಾಳ ಇವನ್ನು ಬೇರೆ ಬೇರೆ ಆಳದಲ್ಲಿ ಹೂಳಬೇಕು. ಉಂಗುರ ಹೂಳುವವರು ಅದಕ್ಕೊಂದು ದಾರ ಕಟ್ಟಿ ತುದಿಯನ್ನು ಹೊರಗೆ ಬಿಡುವುದು ಮೇಲು, ಮನೆಯೊಡತಿಗೂ ಸಮಾಧಾನ. ಬಳಿಕ ಪರದೆಯನ್ನು ಬಟ್ಟೆಯಿಂದ ಮುಚ್ಚಿ ಕಿವಿಯಿಂದಲೇ ಗುರುತಿಸಲು ಪ್ರಯತ್ನಿಸಬೇಕು. ಕಾಸಿನ ಸದ್ದು ಎಡದಿಂದ ಬಂದರೂ ಬಲದಿಂದ ಬಂದರೂ ಒಂದೇ ಸಮ, ದುಂಡು. ಮೊಳೆಯದು ಒಂದು ಕಡೆಯಿಂದ ಕೂಗಿ ಇನ್ನೊಂದು ಕಡೆಯಿಂದ ಮುರಿಯುತ್ತದೆ. ತಟ್ಟೆಯನ್ನು ಹುಲ್ಲು ಸವರುವ ಕತ್ತಿಯಂತೆ ಬೀಸಿದರೆ ಎರಡು ತುದಿಯಲ್ಲೂ ಅದು ನೆಲ ಬಿಟ್ಟು ಏಳುತ್ತದೆ. ಗೋಡೆಗೆ ಸುಣ್ಣ ಬಳಿಯುವವನಂತೆ, ಒಂದು ಬಳಿತದ ಮೇಲೆ ಅರ್ಧ ಇನ್ನೊಂದು ಬರುವ ಹಾಗೆ, ನಿಧಾನವಾಗಿ ಆಡಿಸಬೇಕು.

ಆಳದ ವಿಷಯದಲ್ಲಿ ಜನಕ್ಕಿರುವ ಭ್ರಮೆ ದೊಡ್ಡದು. ಒಂದು ನಾಣ್ಯವನ್ನು ಈ ಯಂತ್ರ ಒಂದು ಗೇಣಿನ ಆಳದವರೆಗೆ ಕೇಳಿಸಿಕೊಂಡರೆ ಅದೇ ಹೆಚ್ಚು. ಕೆಂಪು ಮಣ್ಣಿನಲ್ಲಿ ಅದಕ್ಕಿಂತಲೂ ಕಡಮೆ. ಸುರುಳಿಯ ಅಗಲಕ್ಕಿಂತ ದೂರ ಹೆಚ್ಚಾದ ಮೇಲೆ, ದೂರ ಇಮ್ಮಡಿಯಾದರೆ ಸಣ್ಣ ವಸ್ತುವಿನ ಉತ್ತರ ಸುಮಾರು 64ರಲ್ಲೊಂದು ಪಾಲಿಗೆ ಇಳಿಯುತ್ತದೆ. ಆಳುದ್ದದ ಕೆಳಗಿನ ಕೊಪ್ಪರಿಗೆಯ ಕಥೆ ಹೇಳುವವರು ಈ ಲೆಕ್ಕವನ್ನು ಹೇಳುವುದಿಲ್ಲ.

ಹಾಗಾದರೆ ಈ ಯಂತ್ರದಿಂದ ಪ್ರಯೋಜನವೇನು? ಒಂದು ಪ್ರಸಂಗ ಹೇಳುತ್ತೇನೆ. ಹೋದ ಮಾಘಮಾಸದಲ್ಲಿ ನಮ್ಮ ಪರಿಚಯದ ಮನೆಯೊಂದರ ಹಿರಿಯ ಅಮ್ಮನವರ ಬೆಂಡೋಲೆ ಕಳೆದುಹೋಯಿತು. ಮನೆಯಲ್ಲಿ ಹುಡುಕಿದ್ದಾಯಿತು, ಕೊಟ್ಟಿಗೆಯಲ್ಲಿ ಹುಡುಕಿದ್ದಾಯಿತು. ಕೊನೆಗೆ ಕೆಲಸಕ್ಕೆ ಬರುತ್ತಿದ್ದ ಹುಡುಗಿಯ ಮೇಲೆ ಮಾತು ಬಂತು. ಅವಳ ತಾಯಿ ಕೆಲಸ ಬಿಡಿಸಿ ಮಗಳನ್ನು ಮನೆಯಲ್ಲೇ ಕೂರಿಸಿದಳು. ಅಮ್ಮನವರು ಆ ದಿನ ಸೊಪ್ಪಿನ ಬೆಟ್ಟದಿಂದ ದರಗು ತರಿಸುವಾಗ ತಾವೂ ಜೊತೆಗೆ ನಿಂತಿದ್ದರೆಂದು ತಿಳಿದು, ನಾನು ಯಂತ್ರ ತೆಗೆದುಕೊಂಡು ಹೋದೆ. ದರಗು ಸುರಿದ ಕೊಟ್ಟಿಗೆಯ ಬಾಗಿಲಿಂದ ಗೊಬ್ಬರಗುಂಡಿಯವರೆಗೆ ಹುರಿ ಕಟ್ಟಿ ಸಾಲು ಮಾಡಿಕೊಂಡು ಎರಡು ದಿನ ಹುಡುಕಿದ್ದಾಯಿತು. ಚಿನ್ನದ ಅಂಕಿ ಬಂದಲ್ಲೆಲ್ಲ ಕೆದಕಿದರೆ ಬಂದದ್ದು ಮಾತ್ರೆಯ ಹಾಳೆ, ಹಲ್ಲುಜ್ಜುವ ಪೇಸ್ಟಿನ ಹಳೆಯ ಕೊಳವೆ, ಮತ್ತೆ ಮಾತ್ರೆಯ ಹಾಳೆ. ನಲವತ್ತಕ್ಕೆ ಒಂದೆರಡು ಕಡಮೆ ಎಣಿಸಿದೆ. ಮೂರನೆಯ ದಿನ ಬೆಳಗ್ಗೆ, ಅದೇ ಅಂಕಿ, ಅದೇ ಸದ್ದು. ಗೊಬ್ಬರಗುಂಡಿಯ ಅಂಚಿನಲ್ಲಿ, ನಾಲ್ಕು ಬೆರಳು ಆಳದಲ್ಲಿ ಬೆಂಡೋಲೆ ಸಿಕ್ಕಿತು. ಅಮ್ಮನವರು ಅದನ್ನು ಕಿವಿಗೆ ಹಾಕಿಕೊಳ್ಳುವ ಮುಂಚೆ ಹುಡುಗಿಯ ಮನೆಗೆ ಹೋಗಿಬಂದರು. ಅಂಕಿಯನ್ನು ನಂಬಿ ‘ಇದು ಹಾಳೆಯೇ ಇರಬೇಕು’ ಎಂದು ಮುಂದೆ ಹೋಗಿದ್ದರೆ ಆ ಹುಡುಗಿಯ ಹೆಸರು ಹಾಗೆಯೇ ಉಳಿಯುತ್ತಿತ್ತು. ಕೂಗಿದ್ದನ್ನೆಲ್ಲ ತೆಗೆದು ನೋಡಬೇಕೆಂಬ ನಿಯಮದ ತೂಕ ಇಷ್ಟು.

ಕೂಗಿದ್ದನ್ನೆಲ್ಲ ಎಲ್ಲಿ ಬೇಕಾದರಲ್ಲಿ ತೆಗೆಯಬಹುದೆ? ಕೂಡದು. ಸಂರಕ್ಷಿತ ಸ್ಮಾರಕಗಳ ಸರಹದ್ದಿನಲ್ಲಿ ಅಪ್ಪಣೆಯಿಲ್ಲದೆ ಅಗೆಯುವುದನ್ನು 1958ರ ಕೇಂದ್ರ ಶಾಸನ ತಡೆಯುತ್ತದೆ. ಇಕ್ಕೇರಿಯ ಅಘೋರೇಶ್ವರ, ಕೆಳದಿಯ ರಾಮೇಶ್ವರ, ನಗರದ ಕೋಟೆ ಇವೆಲ್ಲ ಆ ಪಟ್ಟಿಯಲ್ಲಿವೆ. ಮೀಸಲು ಅರಣ್ಯದಲ್ಲಿ ನೆಲ ಕೆದಕುವುದೂ ನಿಷಿದ್ಧ. ಸ್ವಂತ ಜಮೀನಿನಲ್ಲೇ ಆದರೂ ಹಳೆಯ ಧನ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸತಕ್ಕದ್ದು. ನಮ್ಮ ರಾಜ್ಯಕ್ಕೆ 1962ರ ನಿಧಿ ಶಾಸನವೇ ಉಂಟು. ರಾತ್ರಿಯಲ್ಲಿ ಬಂದು, ಪಾಳುಬಿದ್ದ ಗುಡಿಯ ಹೆಸರು ಹೇಳಿ, ಯಂತ್ರವನ್ನು ಎರಡು ದಿನದ ಮಟ್ಟಿಗೆ ಕೇಳಿದವರಿಗೆ ನಾನು ಕೊಟ್ಟಿಲ್ಲ. ನಂದಿಯ ಹೊಟ್ಟೆ ಒಡೆದು, ಪೀಠ ಕಿತ್ತು, ಗರ್ಭಗುಡಿಯಲ್ಲಿ ಗುಂಡಿ ತೋಡಿಹೋದ ಸುದ್ದಿ ಮಲೆನಾಡಿನ ಪತ್ರಿಕೆಗಳಲ್ಲಿ ಎಷ್ಟು ಸಲ ಬಂದಿಲ್ಲ!

ಅಗೆದು ಒಯ್ದರೆ ನಷ್ಟವೇನೆಂದು ಕೇಳುವವರಿಗೆ ಒಂದು ಉದಾಹರಣೆ. ಇಕ್ಕೇರಿಯ ವರಹದ ತೂಕ ಸುಮಾರು 3.4 ಗ್ರಾಂ, ಒಂದು ಕಡೆ ಶಿವಪಾರ್ವತಿಯರು, ಇನ್ನೊಂದು ಕಡೆ ನಾಗರಿಯಲ್ಲಿ ಸದಾಶಿವನ ಹೆಸರು. ಹೈದರಾಲಿ ಬಿದನೂರನ್ನು ಗೆದ್ದ ಮೇಲೂ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಭಾಗದಲ್ಲಿ ತನ್ನ ಹೆಸರಿನ ಪಾರಸಿ ಮೊದಲಕ್ಷರವನ್ನು ಹಾಕಿಸಿದ. ಈ ಎರಡು ನಾಣ್ಯಗಳು ಒಂದೇ ಗಡಿಗೆಯಲ್ಲಿ ಸಿಕ್ಕರೆ, ಹೂತವನು 1763ರ ಈಚೆಯವನೆಂದು ತಿಳಿಯುತ್ತದೆ. ಗಡಿಗೆ ಒಡೆದು, ನಾಣ್ಯಗಳು ಎರಡು ಊರಿನ ಎರಡು ಮೂಸೆಗೆ ಬಿದ್ದರೆ ಉಳಿಯುವುದು ಚಿನ್ನದ ದರ ಮಾತ್ರ. ತಾಮ್ರಶಾಸನದ ಗತಿಯೂ ಅಷ್ಟೆ. ಯಂತ್ರಕ್ಕೆ ಅದೂ ಒಂದೇ, ಒಡೆದ ತಂಬಿಗೆಯೂ ಒಂದೇ. ಎರಡಕ್ಕೂ ಒಂದೇ ಕೂಗು. ಓದಬಲ್ಲವನು ಸ್ಥಳದಲ್ಲಿರಬೇಕು. ಕಲ್ಲಿನ ವಿಷಯದಲ್ಲಂತೂ ಯಂತ್ರ ಪೂರ್ತಿ ಕಿವುಡು. ನೆರೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ 2013ರಲ್ಲಿ ಬೆಳಕಿಗೆ ಬಂದ ಪ್ರಾಚೀನ ಕನ್ನಡ ಶಾಸನ ಕಲ್ಲಿನ ಮೇಲಿನದು. ಅದರ ಮೇಲೆ ನನ್ನ ಯಂತ್ರ ನೂರು ಸಲ ಹಾದುಹೋಗಿದ್ದರೂ ಸುಮ್ಮನಿರುತ್ತಿತ್ತು.

ಆದ್ದರಿಂದ ಯಂತ್ರದ ಜೊತೆಗೆ ಒಂದು ನೋಟುಪುಸ್ತಕವನ್ನೂ ಇಟ್ಟುಕೊಂಡಿದ್ದೇನೆ. ತಾರೀಕು, ಸರ್ವೆ ನಂಬರು, ಬೇಲಿಯ ಮೂಲೆಯಿಂದ ಎಷ್ಟು ಹೆಜ್ಜೆ, ಎಷ್ಟು ಆಳ, ಎಂಥ ಮಣ್ಣು, ಸಿಕ್ಕಿದ್ದೇನು. ಅಡಿಕೆ ಮರದ ಬುಡದಲ್ಲಾದರೆ ಅಗೆಯದೆ ಬಿಟ್ಟದ್ದನ್ನೂ ಬರೆಯುತ್ತೇನೆ, ಬೇರಿಗೆ ಪೆಟ್ಟಾಗಬಾರದಲ್ಲ. ಮಿತ್ರರೊಬ್ಬರ ಒಪ್ಪಿಗೆಯ ಮೇಲೆ ಅವರ ಬ್ಯಾಣವೊಂದನ್ನು ಈ ಬೇಸಿಗೆಯಲ್ಲಿ ಪೂರ್ತಿ ನೋಡಿ ಮುಗಿಸಿದೆ. ಕಬ್ಬಿಣವನ್ನು ತಳ್ಳಿಹಾಕದೆ ಎಲ್ಲವನ್ನೂ ತೆಗೆದೆ. ಒಂದು ಮುರಿದ ಮೆಟ್ಟುಗತ್ತಿ, ಗಾಡಿಯ ಕೀಲು ಎರಡು, ಮೂರು ತಾಮ್ರದ ಕಾಸು, ಉಳಿದದ್ದೆಲ್ಲ ಎತ್ತಿನ ಲಾಳ ಮತ್ತು ಲಾಳದ ಮೊಳೆ. ಕಾಸುಗಳು ಚೆಲ್ಲಾಪಿಲ್ಲಿ ಇದ್ದುವು. ಲಾಳಗಳನ್ನು ಮಾತ್ರ ಕಾಗದದ ಮೇಲೆ ಗುರುತು ಹಾಕುತ್ತ ಹೋದರೆ, ಮೂಡಣ ಮೂಲೆಯ ಹಲಸಿನ ಮರದಿಂದ ಪಡುವಣ ದಣಪೆಯವರೆಗೆ, ಎರಡು ಮಾರು ಅಗಲದ ಒಂದೇ ಪಟ್ಟೆಯಲ್ಲಿ ಬಂದು ಕೂತುವು. ಈಗ ಅಲ್ಲಿ ಯಾವ ದಾರಿಯೂ ಇಲ್ಲ. ಆ ಮನೆಯ ಎಂಬತ್ತು ದಾಟಿದ ಅಜ್ಜನವರಿಗೆ ಕಾಗದ ತೋರಿಸಿದಾಗ, ತಮ್ಮ ಚಿಕ್ಕಂದಿನಲ್ಲಿ ಅಕ್ಕಿಯ ಗಾಡಿಗಳು ಅಲ್ಲಿಂದಲೇ ಇಳಿಯುತ್ತಿದ್ದುವೆಂದರು. ಪಕ್ಕದ ಜಮೀನಿನವರೂ ಒಪ್ಪಿದ್ದಾರೆ. ಮಳೆಗಾಲ ಕಳೆದ ಮೇಲೆ ದಣಪೆಯ ಆಚೆಗೆ ಆ ಪಟ್ಟೆ ಎತ್ತ ತಿರುಗುತ್ತದೆಂದು ನೋಡಬೇಕಾಗಿದೆ.