ಲಾಯ್ಡ್ಸ್ ರಸ್ತೆಯ ಕಲ್ಲುಗಳು

ಇಪ್ಪತ್ತು ವರ್ಷಗಳಿಂದ ಮೈಲಾಪೂರಿನಲ್ಲಿದ್ದೇನೆ. ಹತ್ತಿರದ ಲಾಯ್ಡ್ಸ್ ರಸ್ತೆಯಲ್ಲಿ, ಅಂದರೆ ಈಗಿನ ಅವ್ವೈ ಷಣ್ಮುಗಂ ಸಾಲೈಯಲ್ಲಿ, ಯಹೂದಿಗಳ ಪುಟ್ಟ ಸ್ಮಶಾನವೊಂದಿದೆ ಎಂದು ತಿಳಿದದ್ದು ಮಾತ್ರ ಇತ್ತೀಚೆಗೆ.

ಹದಿನೇಳನೇ ಶತಮಾನದಲ್ಲಿ ಯುರೋಪಿನಿಂದ ಬಂದ ಯಹೂದಿ ವ್ಯಾಪಾರಿಗಳು ಮದ್ರಾಸಿಗೆ ಹವಳ ತಂದು, ಗೋಲ್ಕೊಂಡದ ವಜ್ರ ಒಯ್ಯುತ್ತಿದ್ದರು. ಜಾರ್ಜ್ ಟೌನಿನ ಕೋರಲ್ ಮರ್ಚೆಂಟ್ ಬೀದಿಯ ಹೆಸರಿನಲ್ಲಿ ಆ ಹವಳ ಇನ್ನೂ ಇದೆ. 1688ರಲ್ಲಿ ಮದ್ರಾಸ್ ಕಾರ್ಪೊರೇಶನ್ ಶುರುವಾದಾಗ ಅದರ ಆಲ್ಡರ್‌ಮನ್ನರಲ್ಲಿ ಯಹೂದಿಗಳೂ ಇದ್ದರು. ಕಾಲಕ್ರಮೇಣ ಜನ ಹೋದರು. ಸಮಾಧಿಯ ಕಲ್ಲುಗಳು ಕೂಡ ಹಳೆಯ ಜಾಗ ಬಿಟ್ಟು ಇಲ್ಲಿಗೆ ಬಂದವು.

ಸತ್ತವರಿಗಾಗಿ ಹೇಳುವ 'ಕದ್ದೀಶ್' ಪ್ರಾರ್ಥನೆಗೆ ಯಹೂದಿ ಸಂಪ್ರದಾಯದಲ್ಲಿ ಕನಿಷ್ಠ ಹತ್ತು ಮಂದಿ ಸೇರಬೇಕು. ಒಬ್ಬರೇ ಕೂತು ಹೇಳುವಂತಿಲ್ಲ. ದುಃಖಕ್ಕೂ ನೆರೆಹೊರೆ ಬೇಕು ಎನ್ನುವ ಆ ನಿಯಮ ನನ್ನನ್ನು ಬಹಳ ಕಾಡಿತು.

ಮುಂಬಯಿಯ ಕೊಲಾಬಾದ ನಾರಿಮನ್ ಹೌಸಿನಲ್ಲಿ ರಬ್ಬಿ ಗೇವ್ರಿಯಲ್ ಹೋಲ್ಟ್ಜ್‌ಬರ್ಗ್ ಮತ್ತು ಪತ್ನಿ ರಿವ್ಕಾ ದಾರಿಹೋಕ ಯಹೂದಿಗಳಿಗೆ ಊಟ ಹಾಕುತ್ತಿದ್ದರು, ಪ್ರಾರ್ಥನೆಗೆ ಜನ ಸೇರಿಸುತ್ತಿದ್ದರು. 2008ರ ನವೆಂಬರ್ ದಾಳಿಯಲ್ಲಿ ಇಬ್ಬರನ್ನೂ ಕೊಂದರು. ಎರಡು ವರ್ಷವೂ ತುಂಬದ ಮಗ ಮೋಶೆಯನ್ನು ಎತ್ತಿಕೊಂಡು ಹೊರಗೆ ಓಡಿದವರು ಮನೆಯ ಆಯಾ ಸ್ಯಾಂಡ್ರಾ ಸ್ಯಾಮ್ಯುಯೆಲ್. ಆಕೆ ಯಹೂದಿಯಲ್ಲ.

ಎಲ್ಲೋ ನಡೆಯುವ ಜಗಳಕ್ಕೆ ಇಲ್ಲಿರುವವರು ಬೆಲೆ ತೆರುವುದು ನಮಗೂ ಹೊಸದಲ್ಲ. 2016ರ ಸೆಪ್ಟೆಂಬರ್ 12ರಂದು, ಕಾವೇರಿ ಗಲಾಟೆಯಲ್ಲಿ, ಕನ್ನಡಿಗರದ್ದೆಂಬ ಕಾರಣಕ್ಕೆ ನಮ್ಮ ಮೈಲಾಪೂರಿನ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬ್ ಎಸೆದರು. ಅದೇ ದಿನ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಉರಿದವು. ಕೆಳಮನೆಯ ಮಾಮಿ ಮೇಲೆ ಬಂದು, ಕೆಎ ನಂಬರಿನ ನಮ್ಮ ಕಾರನ್ನು ತಮ್ಮ ಶೆಡ್ಡಿನೊಳಗೆ ನಿಲ್ಲಿಸಲು ಹೇಳಿದರು. "ಎರಡು ದಿನ ಹೊರಗೆ ತೆಗೀಬೇಡಿ. ಯಾರಾದರೂ ಕೇಳಿದರೆ ನಾನು ಮಾತಾಡ್ತೀನಿ," ಎಂದರು. ತಮ್ಮ ಸ್ಕೂಟರನ್ನು ಮಳೆಯಲ್ಲೇ ಬಿಟ್ಟಿದ್ದರು.

2023ರ ಅಕ್ಟೋಬರ್ 7ರ ಹಮಾಸ್ ದಾಳಿ, ನಂತರದ ಗಾಜಾ ಯುದ್ಧದ ದಿನಗಳಲ್ಲಿ ನಮ್ಮ ಕನ್ನಡ ವಾಟ್ಸಾಪ್ ಗುಂಪಿನಲ್ಲಿ ಕೆಲವರು "ಯಹೂದಿಗಳೇ ಹಾಗೆ" ಎಂದರು, ಕೆಲವರು "ಮುಸ್ಲಿಮರೇ ಹಾಗೆ" ಎಂದರು. ಮಾಮಿಯ ಶೆಡ್ಡು ನೆನಪಿದ್ದೂ ನಾನು ಸುಮ್ಮನಿದ್ದೆ. ಯಾಕೆ ಸುಮ್ಮನಿದ್ದೆ ಎಂಬುದಕ್ಕೆ ಇವತ್ತಿಗೂ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ.

ಕಳೆದ ವಾರ ಲಾಯ್ಡ್ಸ್ ರಸ್ತೆಗೆ ಹೋಗಿದ್ದೆ. ಯಹೂದಿಗಳು ಸಮಾಧಿಗೆ ಹೂವಿಡುವುದಕ್ಕಿಂತ ಹೆಚ್ಚಾಗಿ ಸಣ್ಣ ಕಲ್ಲಿಡುತ್ತಾರಂತೆ. ಗೋಡೆಯ ಪಕ್ಕ ನಾನೂ ಒಂದು ಕಲ್ಲಿಟ್ಟು ಬಂದೆ. ಹತ್ತು ಜನರಲ್ಲಿ ಒಬ್ಬಳಾಗುವ ಅರ್ಹತೆ ನನಗಿಲ್ಲ. ಆದರೆ ಗುಂಪಿನಲ್ಲಿ ಮುಂದಿನ ಸಲ ಅಂಥ ಮಾತು ಬಂದರೆ, ಮಾಮಿಯ ಕತೆಯನ್ನಾದರೂ ಬರೆಯುತ್ತೇನೆ.